ಮಾಲಧಕ್ಕಾ

ಗೇಟಿನ ಹುಡುಗ ಕೇಳಿದ, ಯಾರ ಮನೆಗೆ?
ಯಾರ ಮನೆಗೂ ಅಲ್ಲಪಾ, ನೀರು ನೋಡಾಕ ಬಂದೇವಿ, ಅಂದೆ.
ವಹಿಯಲ್ಲಿ ಬರೆದುಕೊಂಡ:
ಇಬ್ಬರು. ನೀರು.

ಶಹಾಬಾದಿಗೆ ಸಮುದ್ರ ಎಲ್ಲಿಂದ ಬರಬೇಕು.
ಆದರೂ ನಮಗೂ ಒಂದು ಧಕ್ಕೆ ಇತ್ತು,
ವ್ಯಾಗನ್ನು ಬಂದು ನಿಲ್ಲುವ ಮಾಲಧಕ್ಕಾ.
ಹಿಂದೆ ನೀರು ತುಂಬಿದ ಹಳೇ ಖಣಿ,
ಮುಂದೆ ಬಿಸಿಲು.
ಹಡಗಿನಂತೆ ಕೂಗುತ್ತ ಗೂಡ್ಸು ಬರುತ್ತಿತ್ತು,
ಫರಸಿ ಹೊಟ್ಟೆತುಂಬ ತುಂಬಿಕೊಂಡು
ನಾವು ಹೆಸರಷ್ಟೇ ಕೇಳಿದ ಊರುಗಳಿಗೆ ಹೋಗುತ್ತಿತ್ತು.

ಈಗ ಖಣಿಗೆ ಸರೋವರ ಅಂತ ಹೆಸರು.
ದಂಡೆಗುಂಟ ಸ್ಟೀಲಿನ ಕಟಾಂಜನ,
ಗಾಜಿನ ಬಾಲ್ಕನಿಗಳಲ್ಲಿ ಒಣಗುವ ಟವೆಲ್ಲು,
ಹಂಸದ ಆಕಾರದ ಎರಡು ದೋಣಿ,
ಒಂದು ಕಪ್ಪು ಚಹಾಕ್ಕೆ ತೊಂಬತ್ತು ರೂಪಾಯಿ.
ಚೆಂದ ಆಗೇದ. ಸುಳ್ಳು ಯಾಕ ಹೇಳಲಿ,
ಆಗ ಇಲ್ಲಿ ನೆರಳೆಂದರೆ
ವ್ಯಾಗನ್ನಿನ ಕೆಳಗೆ ಬೀಳುವಷ್ಟೇ.

ಲಾಲಬಿ ಚಪ್ಪಲಿ ಕಳಚಿ ಕೂತಳು,
ಬೆರಳ ಗೆಣ್ಣಿನಿಂದ ನೆಲ ಕುಟ್ಟಿದಳು.
ಬಗ್ಗಿ ಕಿವಿಯಿಟ್ಟು ಮತ್ತೊಮ್ಮೆ ಕುಟ್ಟಿದಳು.
"ಇದು ನಮ್ಮ ಕಲ್ಲಲ್ಲರೀ ಮುನ್ಶೀಜಿ.
ನಮ್ದು ಕುಟ್ಟಿದರ ತಾಟು ಬಿದ್ದಂಗ ಸಪ್ಪಳ.
ಇದು ಮೂಕಿ."
ಗುಜರಾತಿನ ಟೈಲ್ಸು.
ಮೇಲೆ ಅಚ್ಚೊತ್ತಿದ ಬೂದು ಮಾತ್ರ ನಮ್ಮ ಫರಸಿಯದು,
ಅಲ್ಲಲ್ಲಿ ಉಳಿಯ ಗಾಯ ಸಹಿತ.

ಕಾಟಾ ಒಂದನ್ನು ಉಳಿಸಿಕೊಂಡಿದ್ದಾರೆ.
ಹಳದಿ ಬಳಿದು, ಸುತ್ತ ಹುಲ್ಲು ಹಚ್ಚಿ,
ಮಕ್ಕಳು ಹತ್ತಿ ಫೋಟೋ ತೆಗೆಸಿಕೊಳ್ಳಲಿ ಅಂತ.
ಲಾಲಬಿ ಹತ್ತಿದಳು. ಮುಳ್ಳು ಸೊನ್ನೆಯಲ್ಲೇ.
ನಾನೂ ಹತ್ತಿದೆ. ಸೊನ್ನೆ.

ಅದರ ಮೇಲೆ ನಿಂತೇ ಹೇಳಿದೆ,
ಮೂವತ್ತೊಂದು ವರ್ಷ ನಾಲಿಗೆಯಡಿ ಇಟ್ಟುಕೊಂಡದ್ದು:
ಹತ್ತು ಹೊತ್ತರ ಒಂಬತ್ತು ಬರೀತಿದ್ದೆ, ಲಾಲಬೀ.
ಠೇಕೇದಾರ ಹೇಳಿದ್ದ.
ದೀಪಾವಳಿಗೆ ನನಗೊಂದು ಪ್ಯಾಂಟಿನ ಬಟ್ಟೆ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.
"ಗೊತ್ತಿತ್ತು.
ಆ ನೀಲಿ ಪ್ಯಾಂಟು ಮಾಲಧಕ್ಕಾಕ್ಕೆಲ್ಲ ಗೊತ್ತಿತ್ತು."
ಆಮೇಲೆ ಗದ್ದ ಎತ್ತಿ ನೀರಿನ ಕಡೆ ತೋರಿಸಿದಳು.
"ನೀವು ಬರೀಲಾರದ್ದು ಅಲ್ಲದ.
ಹೊತ್ತು ಮುಳುಗಿದ ಮ್ಯಾಲ ದಿನಕ್ಕೊಂದು ಒಗೀತಿದ್ದೆ.
ಚೂರು ಅಲ್ಲ, ಎರಡಡಿಯವು.
ವಹಿಯಾಗ ಇಲ್ಲ ಅಂದಮ್ಯಾಲ
ಯಾರ ಕಲ್ಲು ಅದು?"

ನಾನು ಲೆಕ್ಕ ಹಾಕತೊಡಗಿದೆ.
ಹನ್ನೊಂದು ವರ್ಷ, ಶುಕ್ರವಾರ ಬಿಟ್ಟು,
ಮೊಹರಮ್ಮಿನ ಎರಡು ದಿನ ಬಿಟ್ಟು,
ಅವಳ ಬಾಣಂತನ ಮೂರು, ಅವು ಬಿಟ್ಟು…
ಹಂಸದ ದೋಣಿ ಆ ಕಲ್ಲುಗಳ ಮೇಲಿಂದ ಸಾಗಿತು,
ಪೆಡಲು ತುಳಿಯುವ ಗಂಡ ಹೆಂಡಿರ ನಗು
ಎದುರಿನ ಗಾಜಿಗೆ ತಾಗಿ ವಾಪಸು ಬಂತು.

"ಲೆಕ್ಕ ಸಾಕು ಮಾಡ್ರಿ," ಅಂದಳು.
"ನಿಮ್ಮ ಲೆಕ್ಕ ನೋಡೀನಿ. ಚಹಾ ಕುಡಸ್ರಿ."

ಎರಡು ಹೇಳಿದೆ.
ಬಿಲ್ಲಿನಲ್ಲಿ ಹುಡುಗ ಮೂರು ಬರೆದಿದ್ದ.
ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು
ಮೂರರದ್ದೇ ಕೊಟ್ಟೆ.