ಕಾರಣಕ್ಕೆ ಕಾಲಂ ಇಲ್ಲ

ಗುರುವಾರ. ಅಮ್ಮತ್ತಿಯಿಂದ ಒಳಗೆ, ತೋಟದ ದಾರಿ.
ಚೀಲದಲ್ಲಿ ಬಿಪಿ ಮೆಷಿನ್ನು, ನಲವತ್ತು ಫಾರಂ,
ತುದಿ ಕಚ್ಚಿದ ಪೆನ್ನು.

ಮೊದಲು ಅಯ್ಯಣ್ಣನವರ ಮನೆ.
ಹೊಸ ಟವರಿನ ಮೇಲೆ ಎರಡು ಅರ್ಜಿ ಬರೆದಿದ್ದಾರೆ.
ಆ ಕಿರಣ ತಲೆಗೆ ಕೆಟ್ಟದ್ದು ನೋಡಮ್ಮ,
ಗೂಡು ಬಿಟ್ಟು ಜೇನೂ ಹೋಯಿತು.
ಪ್ಲಾಸ್ಟಿಕ್ ಬಾಟಲಿಯ ನೀರು ಮುಟ್ಟುವವರಲ್ಲ.
ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದೆ:
ನೂರ ಎಂಬತ್ತು.
ಉಪ್ಪು?
ಹಂದಿ ಕರಿಗೆ ಉಪ್ಪು ಕಮ್ಮಿ ಹಾಕುವುದುಂಟಾ, ನಕ್ಕರು.
ಸಂಜೆಯ ಎರಡು ಪೆಗ್ಗು ಲೆಕ್ಕಕ್ಕಿಲ್ಲ, ಅದು ಚಳಿಗೆ.
ಅಪ್ಪ ತೊಂಬತ್ತೊಂದು ಬದುಕಿದರು
ಇದೇ ಉಪ್ಪು, ಇದೇ ಚಳಿ.
ನಲವತ್ತೆಂಟಕ್ಕೆ ಹೋದ ಚಿಕ್ಕಪ್ಪ
ಗೋಡೆಯ ಫೋಟೋದಲ್ಲಿದ್ದರು,
ಮಾತಿನಲ್ಲಿ ಬರಲಿಲ್ಲ.

ತಿರುವಿನ ಅಂಗಡಿಯ ನಫೀಸಾ
ಮಗು ಮಲಗಿದ ತೊಟ್ಟಿಲಡಿ ಸೊಳ್ಳೆ ಬತ್ತಿ ಹಚ್ಚುತ್ತಿದ್ದಳು.
ಡೆಂಗಿ ಅಲ್ವಾ ಅಕ್ಕ, ಹೆದರಿಕೆ.
ಹೊಗೆ ತೊಟ್ಟಿಲನ್ನು ಸುತ್ತಿ ಸುತ್ತಿ ಮೇಲೇರಿತು
ಯಾರದೋ ಹರಕೆಯ ಹಾಗೆ.

ಕೊನೆಗೆ ಲೈನ್‌ಮನೆ, ಎರವರ ಚಾತ.
ಬೀಡಿ, ದಿನಕ್ಕೆ ಎಷ್ಟು?
ಇಪ್ಪತ್ತು. ಕೂಲಿ ಬಂದ ದಿನ ಜಾಸ್ತಿ.
ಔಷಧಿ ಹೊಡೆಯುವಾಗ ಮುಖಕ್ಕೆ ಬಟ್ಟೆ?
ಉಸಿರು ಕಟ್ಟುತ್ತೆ.
(ಗಿಡಕ್ಕೆ ಹೊಡೆಯುವ ವಿಷಕ್ಕೂ
ನಮ್ಮಲ್ಲಿ ಔಷಧಿಯೆಂದೇ ಹೆಸರು.
ನಾನೂ ಹಾಗೇ ಕೇಳಿದ್ದೆ.)

ಅಪಾಯ ಅಂದೆ. ನಿಧಾನಕ್ಕೆ, ಬಿಡಿಸಿ ಹೇಳಿದೆ.
ಅವನು ಕೇಳಿದ:
ಆನೆ ಬಂದರೆ ಕೊಂಬೆ ಮುರಿಯುತ್ತೆ, ಗೊತ್ತಾಗುತ್ತೆ.
ಹಲಸು ಹಣ್ಣಾದರೆ ಈ ವಾರ ಬರುತ್ತೆ ಅಂತಲೂ ಗೊತ್ತು.
ನೀನು ಹೇಳುವುದು ಯಾವ ಕಡೆಯಿಂದ ಬರುತ್ತೆ?

ನಾನು ಅವನ ಎದೆ ತೋರಿಸಿದೆ.
ಬಗ್ಗಿ ನೋಡಿಕೊಂಡ,
ಬೀಗ ಹಾಕಿದ ಪಕ್ಕದ ಮನೆ ನೋಡುವ ಹಾಗೆ.

ಅಷ್ಟರಲ್ಲಿ ಫೋನಿಗೆ ಮೆಸೇಜು:
ಎರಡು ಆನೆ, ಒಂದು ಮರಿ, ಕೆರೆಯ ಮೇಲಿನ ಪಟ್ಟಿಯಲ್ಲಿ.
ಕತ್ತಲಾಗಿತ್ತು. ಬಸ್ಸಿಗೆ ಅರ್ಧ ಮೈಲಿ.
ಚಾತ ಏನೂ ಹೇಳದೆ ಚಪ್ಪಲಿ ಮೆಟ್ಟಿದ,
ಕಡ್ಡಿ ಗೀರಿದ.
ಈ ವಾಸನೆಗೆ ಅದು ಹತ್ತಿರ ಬರಲ್ಲ.

ನಿಜವೋ ಸುಳ್ಳೋ. ಫಾರಂನಲ್ಲಿ
ಎಷ್ಟು, ಎಂದಿನಿಂದ, ಬಿಡುವ ಮನಸ್ಸಿದೆಯೇ
ಎಂದಷ್ಟೇ ಇದೆ.

ಮುಂದೆ ಒಂದು ಕೆಂಪು ಚುಕ್ಕಿ,
ಹಿಂದೆ ನಾನು.
ಕರಿಮೆಣಸಿನ ಬಳ್ಳಿ ಅಲ್ಲಾಡಿದರೂ ಎದೆ ಹಾರುತ್ತಿತ್ತು.
ಅವನು ಬಿಟ್ಟ ಹೊಗೆಯ ಒಳಗೇ ಹೆಜ್ಜೆ ಇಟ್ಟೆ,
ಕೊಡೆಯ ಕೆಳಗೆ ನಡೆಯುವವಳಂತೆ.

ಕೆರೆಯ ಏರಿಯ ಹತ್ತಿರ ಏನೋ ಮುರಿಯಿತು.
ಚುಕ್ಕಿ ಆರಿತು.

ಇನ್ನೊಂದು ಹಚ್ಚು ಚಾತ,
ಅಂದೆ.