ಹದಿನಾಲ್ಕನೇ ರಾತ್ರಿ, ಗದಗ

ಟೂರಿನ ಚೀಟಿಯೊಳಗ ಅಚ್ಚಾಗಿತ್ತು:
ಹದಿನಾಲ್ಕನೇ ರಾತ್ರಿ, ಗದಗ, ವಸತಿ.
ಆಗ್ರಾ, ಜಬಲ್ಪುರ, ಸೊಲ್ಲಾಪುರದ ಕೆಳಗ
ನನ್ನೂರು, ಒಂದ ಸಾಲು, ಎಲ್ಲಾ ಊರಿನಂಗ.

ಮೂವತ್ತು ವರ್ಷ ಪೋಸ್ಟಿನ್ಯಾಗ ಠಸ್ಸೆ ಹೊಡದಾಕಿ ನಾನು.
ಗದಗ, ಗದಗ, ಗದಗ ಅಂತ
ದೇಶದ ತುಂಬ ಕಳಿಸೇನಿ ಈ ಹೆಸರ.
ಬಸ್ಸಿನ್ಯಾಗೂ ಬಿಡಲಿಲ್ಲ ಅದನ್ನ. ಬಾಜೂ ಸೀಟಿನ ಅಸೀಮಾಗ,
ಬರ್ದವಾನದಾಕಿಗೆ, ನನ್ನ ಹರಕು ಹಿಂದಿಯೊಳಗ:
ನಮ್ಮೂರು ಬರಲಿ, ತೋರಸ್ತೇನಿ.
ಗುಡಿಯ ಕಂಬದಾಗ ಮಾರಿ ಕಾಣತೈತಿ,
ಬದನಿಕಾಯಿ ಬಜಿ ಬಾಯಾಗ ಕರಗತೈತಿ,
ಕಪ್ಪತಗುಡ್ಡದ ಗಾಳಿಗೆ ಮಂದಿ ಔಷಧಿ ಬಿಡ್ತಾರ.

ಬಸ್ಸು ಮುಟ್ಟಿದಾಗ ರಾತ್ರಿ ಹತ್ತೂವರಿ.
ಗುಡಿಗೆ ಕೀಲಿ. ಬಜಿಯವನ ಬಾಣಲಿ ಡಬ್ಬ.
ಮುಳಗುಂದ ನಾಕಾದ ಹತ್ರ ಸುಖನಿವಾಸ ಲಾಜು;
ದಿನಾ ಅದರ ಮುಂದ ಕಾಯಿಪಲ್ಯೆ ಹಿಡಕೊಂಡು ಹಾದಾಕಿ,
ಒಳಗ ಹೆಂಗೈತಿ ಅಂತ ಒಮ್ಮೆನೂ ಹಣಿಕಿಲ್ಲ.

ಮ್ಯಾನೇಜರ್ ಹಾಲಪ್ಪ ರಜಿಸ್ಟರ್ ಬಿಟ್ಟು ತಲಿ ಎತ್ತದ ಕೇಳಿದ:
ಯಾವೂರಿಂದ ಬಂದೀರಿ?
ಗದಗ.
ಎಲ್ಲಿಗೆ ಬಂದೀರಿ?
ಗದಗ.
ಪೆನ್ನು ನಿಂತಿತು. ಚಾಳೀಸು ಹಣಿಗೇರಿತು.
"ಅಕ್ಕಾರ, ಮನ್ಯಾಗ ಏನರ ಜಗಳೇನ್ರಿ?"

ರೊಕ್ಕ ಕಟ್ಟೇನಪಾ, ಅಂದೆ.
ಹಾಲಿನಾಂವಗ ಬ್ಯಾಡಂದೇನಿ, ಗ್ಯಾಸು ಬಂದ್ ಮಾಡೇನಿ,
ಇಪ್ಪತ್ತು ದಿವಸಕ್ಕ ಊರು ಬಿಟ್ಟೇನಿ.
ನಡುವ ಊರ ಬಂದು ಅಡ್ಡ ನಿಂತರ ನಾ ಏನ್ ಮಾಡ್ಲಿ?

ಎರಡುನೂರಾ ಆರು. ಕದಕ್ಕ ಚಿಲಕಿಲ್ಲ, ಕುರ್ಚಿ ಒತ್ತಿ ಇಟ್ವಿ.
ತಲಿದಿಂಬಿಗೆ ಯಾರದೋ ಎಣ್ಣಿ.
ಟಾವೆಲ್ಲಿನ ಮ್ಯಾಲೆ ಹೊಸಪೇಟಿಯ ಬ್ಯಾರೇ ಲಾಜಿನ ಹೆಸರು.
ಗ್ವಾಡಿಗೆ ತಾಜಮಹಲು, ನಾವು ಕಂಡದ್ದಕ್ಕಿಂತ ಬೆಳ್ಳಗ,
ಗುಮ್ಮಟದ ಮ್ಯಾಲೊಂದು ಹಲ್ಲಿ.
ನಳಾ ಎರಡ ಸಲ ಕೆಮ್ಮಿ ಸುಮ್ಮನಾತು.

ಹುಡುಗ ದಾವಲ ಬಂದು, ಅಸೀಮಾನ ಬಿಟ್ಟು, ನನಗ ಅಂದ:
"ಎಂಟ ದಿನಕ್ಕೊಮ್ಮೆ ಬರೂ ನೀರು, ನಿಮಗ ಗೊತ್ತಿಲ್ಲೇನ್ರಿ?"
ಗೊತ್ತಿತ್ತು.
ಏನಂತಾನ, ಅಂತ ಆಕಿ ಕೇಳಿದಳು.
ಈಗ ಬರತೈತಂತ, ಅಂದೆ ಹಿಂದಿಯೊಳಗ.

ರಾತ್ರಿ ಒಂದಕ್ಕ ತಿಗಣಿ ಕಡದು ಇಬ್ಬರೂ ಎದ್ವಿ.
ಆಕಿ ತನ್ನ ನೋಟುಬುಕ್ಕು ತಗದು ಬರದಳು, ಎರಡ ಸಾಲು.
ಓದು, ಅಂದೆ. ನಾಚಿಕೊಂಡು ಓದಿದಳು:
ಗದಗ. ನೀರಿಲ್ಲ. ತಿಗಣಿ.
ಅಲ್ಲ, ಅನ್ನಬೇಕಂದೆ. ಕಾಲು ಕೆರಕೊಳ್ಳಾಕತ್ತಿದ್ದೆ.

ನಂದೂ ಒಂದು ವಹಿ ಐತಿ. ಟಾರ್ಚು ಹಿಡಿದು ತಗದೆ:
ಜಬಲ್ಪುರ. ಚಹಾ ಸಪ್ಪಗ. ಸೊಳ್ಳಿ ಭಾಳ.
ಅಷ್ಟ.
ಅಲ್ಲೂ ಯಾವಾಕೆರ ಮೂವತ್ತು ವರ್ಷ
ಠಸ್ಸೆ ಹೊಡದು ಹೆಬ್ಬಟ್ಟು ಜಡ್ಡು ಮಾಡಿಕೊಂಡಿರಬೇಕು.

ನಿದ್ದಿ ಬರಲಿಲ್ಲ. ಮಾಳಗಿ ಏರಿದೆ.
ಜಿನ್ನಿನ ಶೆಡ್ಡು, ಟಾವರಿನ ಕೆಂಪು ದೀಪ, ಅದರಾಚೆ
ನಮ್ಮನಿ ಮ್ಯಾಲಿನ ಕರೇ ಟಾಕಿ.
ಇಷ್ಟು ದೂರಿಂದ ಯಾರದರ ಆಗಬಹುದು ಅದು.

ನಾಕೂವರಿಗೆ ಎರಡು ಕ್ಯಾನು ಹಿಡಕೊಂಡು ಓಣಿಗೆ ಹೋದೆ.
ನೀಲಗಂಗವ್ವ ಕಸಬರಗಿ ನಿಲ್ಲಿಸಿ ದಿಟ್ಟಿಸಿದಳು:
"ಟೂರು ಮುಗೀತೇನ್ರಿ?"
ಇಲ್ಲವಾ. ಇನ್ನಾ ಗದಗ ನೋಡಾಕತ್ತೇನಿ.

ಅಡಗಿಮನಿ ಹಂಡೆದಾಗ ಹೋಗೂ ಮುಂದ ತುಂಬಿಟ್ಟ ನೀರು,
ಅರಿವಿ ಕಟ್ಟಿದ್ದು, ಮ್ಯಾಲೆ ಒಂದು ಇರಿವಿ.
ಸೋಸಿ ತುಂಬಿದೆ. ಮತ್ತ ಕೀಲಿ ಹಾಕಿದೆ.
ತೋಳು ಹರಿಯೂವಂಗ ಹೊತ್ತು ತಂದದ್ದಕ್ಕ
ಅಸೀಮಾ ಮಾರಿ ತೊಳಕೊಂಡು,
ಕಡೀಕ ನಳದಾಗ ಬಂತಲ್ಲ, ಅಂದಳು.
ಹೂಂ, ಅಂದೆ.

ಹಂಪಿಗೆ ಬಸ್ಸು ಐದೂವರಿಗೇ ಬಿಟ್ಟಿತು.
ಗುಡಿ ತೆಗಿಯೂದು ಇನ್ನಾ ತಡಾ ಇತ್ತು, ಡ್ರೈವರ್ ಕಾಯಲಿಲ್ಲ.
ಅಲ್ಲಿ, ಆ ಮನಿಗಳ ಹಿಂದ, ಶಿಖರ, ಅಂತ ಬಟ್ಟು ಮಾಡಿದೆ.
ಆಕಿ ಕುತಗಿ ಹೊರಳಿಸೂದ್ರಾಗ
ಅಲ್ಲೊಂದು ಪೆಟ್ರೋಲ್ ಬಂಕು ಬಂದಿತ್ತು.