ತಿರುಗಿ ಹುಟ್ಟಿದ್ದು

ಬೆಳಗಿನ ಜಾವ ಮೂರಕ್ಕೆ ಕೈ ಸತ್ತಿರುತ್ತದೆ.
ಹಾಸಿಗೆಯಲ್ಲಿ ಕೂತು ಕೊಡವುತ್ತೇನೆ,
ಒದ್ದೆ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮೊದಲು ಕೊಡವಿದ ಹಾಗೆ.
ಹೆಬ್ಬೆರಳು, ತೋರು, ನಡು, ಮೂರೂ
ಯಾರದೋ ಬೆರಳುಗಳು.
ಕಿರುಬೆರಳಿಗೆ ಏನೂ ಇಲ್ಲ ಮಾರಾಯ್ರೆ,
ಅದರ ನರದ ದಾರಿ ಬೇರೆಯಂತೆ.

ಐದಕ್ಕೆ ಮೊಗ್ಗು ಕೊಯ್ಯಬೇಕು.
ಬಾಳೆನಾರು ನೆನೆಸಿ ಕೂತರೆ
ಶಂಕರಪುರದ ನಮ್ಮ ಜಗಲಿಯಲ್ಲಿ ಮಾತಿಲ್ಲ,
ಎಣಿಕೆ ಮಾತ್ರ.
ನಲವತ್ತೊಂದು ವರ್ಷ ನೋಡದೆ ಕಟ್ಟಿದವಳು
ಈಗ ನೋಡಿ ನೋಡಿ ಕಟ್ಟುತ್ತೇನೆ.
ತೊಟ್ಟು ಬೆರಳಲ್ಲಿ ಉಂಟೋ, ಜಾರಿತೋ,
ಚರ್ಮ ಹೇಳುವುದಿಲ್ಲ.
ಮೊನ್ನೆ ಹೂ ಕೊಂಡೊಯ್ಯುವ ಗ್ರೇಷನ್
"ಜುಸ್ತಿನ್ ಬಾಯಿ, ಚೆಂಡಿಗೆ ಹದಿನಾರು ಕಡಿಮೆ" ಅಂದ.
ಮೆಲ್ಲಗೆ ಅಂದ. ಅದೇ ಹೆಚ್ಚು ನೋಯಿತು.

ಮಣಿಪಾಲದಲ್ಲಿ ಸ್ಕ್ಯಾನ್.
ಡಾಕ್ಟರ್ ಶಮೀಮಾ ಮಣಿಕಟ್ಟಿಗೆ ತಣ್ಣನೆ ಲೋಳೆ ಹಚ್ಚಿ
"ಹೂ ಕಟ್ಟುವ ಹಾಗೆ ಮಾಡಿ" ಎಂದಳು.
ಗಾಳಿಯಲ್ಲಿ ಕಟ್ಟಲು ನನಗೆ ಬರುವುದಿಲ್ಲ.
ಅವಳಿಗೆಂದು ತಂದ ತುಂಡನ್ನೇ ಚೀಲದಿಂದ ತೆಗೆದು
ಬಿಚ್ಚಿ, ಮತ್ತೆ ಕಟ್ಟಿದೆ.
ಪರದೆಯಲ್ಲಿ ಬೂದು ಬಣ್ಣದ್ದೇನೋ
ಪ್ರತಿ ಗಂಟಿಗೂ ಉಬ್ಬಿತು, ಇಳಿಯಿತು.
ಅದರ ಅಡಿಯಲ್ಲಿ ಚಪ್ಪಟೆಯಾದ ಒಂದು ಎಳೆ,
ನನ್ನ ಮೂರು ಬೆರಳಿನದು.

ಮೊಣಕೈ ಕಡೆ ಮಾಂಸ, ಮಣಿಕಟ್ಟಿನ ಕಡೆ ಬರೀ ಹುರಿ,
ಲೋಕದ ಕ್ರಮ ಅದು.
ನನ್ನದು ತಿರುಗಿ ಹುಟ್ಟಿದೆ.
ದುಡಿದಷ್ಟೂ ಊದಿಕೊಂಡು ನರದ ಮೇಲೆ ಕೂರುತ್ತದೆ.
"ಕೆಲವರಿಗೆ ಈ ಸ್ನಾಯು ಇರುವುದೇ ಇಲ್ಲ" ಎನ್ನುತ್ತ ಶಮೀಮಾ
ಹೆಬ್ಬೆರಳಿಗೆ ಕಿರುಬೆರಳು ತಾಗಿಸಿ ಕೈ ಬಗ್ಗಿಸಿದಳು.
ಎಡಗೈಯಲ್ಲಿ ಹುರಿ ಎದ್ದಿತು,
ಬಲಗೈಯಲ್ಲಿ ಮಟ್ಟಸ ಬಯಲು.
"ಕಾಲೇಜಿಗೆ ಬರುವ ತನಕ ನನಗೇ ಗೊತ್ತಿರಲಿಲ್ಲ."

ಇದ್ದರೂ ಇಲ್ಲದಿದ್ದರೂ ಒಂದೇ ಅಂತೆ,
ತೆಗೆದರೆ ಕೈಗೆ ನಷ್ಟವಿಲ್ಲವಂತೆ.
ಹಾಗಾದರೆ ಇಷ್ಟು ವರ್ಷ
ಒಂದೊಂದು ಗಂಟಿಗೂ ಎದ್ದು ಬಂದದ್ದು ಯಾಕೆ ಅದು?
ನಾನು ಕರೆದೆ, ಅದು ಬಂತು.
ಅಷ್ಟೇ ಅದರ ತಪ್ಪು.

ನನ್ನ ಅಮ್ಮನೂ ರಾತ್ರಿ ಕೈ ಕೊಡವುತ್ತಿದ್ದಳು.
ನಾವು ಸೊಳ್ಳೆ ಅಂದುಕೊಂಡಿದ್ದೆವು.

ಬಸ್ಸಿನಲ್ಲಿ ಸೀಟಿಲ್ಲ.
ಕಂಬಿ ಹಿಡಿದ ಕೈಗಳನ್ನೇ ನೋಡುತ್ತ ಬಂದೆ:
ಹುರಿ ಎದ್ದವು, ಏಳದವು,
ಬಳೆ ಮುಚ್ಚಿ ಗೊತ್ತಾಗದ ಒಂದು.
ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟ ಕಂಡಕ್ಟರು
"ಕಟಪಾಡಿ, ಕಟಪಾಡಿ" ಅನ್ನುತ್ತ ಚಿಲ್ಲರೆ ಚಾಚಿದ.
ಕಿರುಬೆರಳ ಬದಿಯಿಂದ ಕೈ ಒಡ್ಡಿದೆ.
ಅಲ್ಲಿ ನಾಣ್ಯ ಇನ್ನೂ
ತಣ್ಣಗೆ ಉಂಟು.